ತಪ್ಪಲು ‘ಯೆಲ್ಲೋ ಝೋನ್’ ಆಗುವ ಮುನ್ನ: ಭೂಬಳಕೆ ಬದಲಾವಣೆಗೆ ಆಕ್ಷೇಪಣೆ ಬರೆಯುವ ಬಗೆ

‘ಈ ಬೆಟ್ಟದ ನೋಟ ಚೆಂದ, ಇಲ್ಲಿ ಕಟ್ಟಬೇಡಿ’ ಎಂದಷ್ಟೇ ಬರೆದ ಅರ್ಜಿ ಯೋಜನಾ ಪ್ರಾಧಿಕಾರದಲ್ಲಿ ನಿಲ್ಲುವುದಿಲ್ಲ. ಚೆಂದವನ್ನು ಇಳಿಜಾರು, ಹಳ್ಳ, ಖರಾಬು, ಎಷ್ಟು ದೂರಕ್ಕೆ ಕಾಣುತ್ತದೆ ಎಂಬ ಲೆಕ್ಕಕ್ಕೆ ಇಳಿಸಿದರೆ ಮಾತ್ರ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ನಂದಿ, ಸ್ಕಂದಗಿರಿಯಂಥ ಬೆಟ್ಟಗಳ ತಪ್ಪಲಿನಲ್ಲಿ ಕೃಷಿ ವಲಯದ ಜಮೀನನ್ನು ವಸತಿಗೋ (ನಕ್ಷೆಯಲ್ಲಿ ಹಳದಿ ಬಣ್ಣದ ‘ಯೆಲ್ಲೋ ಝೋನ್’) ರೆಸಾರ್ಟಿಗೋ ಬದಲಿಸಲು ಹೊರಟಾಗ ನಾನು ಕಡತ ಕಟ್ಟುವ ಕ್ರಮ ಇದು.

ಮಹಾಯೋಜನೆ (ಮಾಸ್ಟರ್ ಪ್ಲಾನ್) ಜಾರಿಯಾದ ಮೇಲೆ ವಲಯ ಬದಲಿಸುವ ದಾರಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 14-ಎ. ಅದರಲ್ಲಿ ಮೂರು ಷರತ್ತುಗಳಿವೆ: ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು; ಈ ಕಾಯ್ದೆಯನ್ನಾಗಲಿ, ಯೋಜನೆ, ಅಭಿವೃದ್ಧಿ, ಭೂಬಳಕೆ ಕುರಿತ ಬೇರೆ ಕಾನೂನನ್ನಾಗಲಿ ಮೀರಬಾರದು; ಆ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ನನ್ನ ಅರ್ಜಿಗೂ ಇವೇ ಮೂರು ತಲೆಬರಹ. ಇದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದಿದೆ. ನಕ್ಷೆಯ ದೋಷ, ಬಿಟ್ಟುಹೋದ ವಿವರ, ಬದಲಾದ ಪರಿಸ್ಥಿತಿ ಹೀಗೆ ಕಲಂ ಹೇಳುವ ಕಾರಣಗಳಲ್ಲಿ ಇಲ್ಲಿ ಯಾವುದು ಅನ್ವಯಿಸುತ್ತದೆ? ಮಾಲೀಕರು ಅರ್ಜಿ ಕೊಟ್ಟಿದ್ದಾರೆ ಎಂಬುದು ಆ ಪಟ್ಟಿಯಲ್ಲಿಲ್ಲ.

ಪತ್ರಿಕೆಯ ಪ್ರಕಟಣೆ ಸಾಮಾನ್ಯವಾಗಿ ಒಳಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ ಇರುತ್ತದೆ. ಕತ್ತರಿಸಿ ಇಡಬೇಡಿ, ದಿನಾಂಕ ಕಾಣುವಂತೆ ಇಡೀ ಪುಟ ಇಟ್ಟುಕೊಳ್ಳಿ. ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ಈಗಿನ ಬಳಕೆ, ಕೇಳಿರುವ ಬಳಕೆ ಇವುಗಳಲ್ಲಿ ಒಂದು ತಪ್ಪಿದ್ದರೂ ಅದನ್ನು ಮೂರನೆಯ ತಲೆಬರಹದಡಿ ಬರೆಯಬೇಕು. ಅರ್ಜಿಯನ್ನು ಟಪಾಲು ಶಾಖೆಗೆ ಕೊಟ್ಟು, ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಬರಬಾರದು. ಮುಂದೆ ತಕರಾರು ಎದ್ದಾಗ ಇ-ಮೇಲ್‌ಗಿಂತ ಆ ಮೊಹರಿಗೇ ಬೆಲೆ ಹೆಚ್ಚು.

ಕಂದಾಯ ದಾಖಲೆಗಳಲ್ಲಿ ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿ ನಾಲ್ಕೂ ಬೇಕು. ಪಹಣಿಯಲ್ಲಿ ಮೊದಲು ನೋಡುವುದು ಖರಾಬಿನ ಕಾಲಂ. ಎ-ಖರಾಬು ಸಾಗುವಳಿಗೆ ಬಾರದ ಜಾಗ. ಬಿ-ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಅದು ಮಾಲೀಕರ ವಿಸ್ತೀರ್ಣಕ್ಕೆ ಸೇರುವುದಿಲ್ಲ. ತಪ್ಪಲಿನ ಜಮೀನಿನಲ್ಲಿ ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳ ಗ್ರಾಮ ನಕ್ಷೆಯಲ್ಲಿರುತ್ತದೆ, ಬಡಾವಣೆಯ ನಕ್ಷೆಯಲ್ಲಿ ಮಾಯವಾಗಿರುತ್ತದೆ. ಸ್ಥಳದಲ್ಲಿ ನಿಂತು ಸರ್ವೆ ನಂಬರ್ ಗುರುತಿಸಲು ದಿಶಾಂಕ್ ಆ್ಯಪ್ ಸಾಕು, ಆದರೆ ಗಡಿಗೆ ಅದು ಸಾಕ್ಷಿಯಲ್ಲ. ಅದರ ಚಿತ್ರವನ್ನೇ ಆಧಾರವಾಗಿ ಲಗತ್ತಿಸಿದರೆ ಎದುರಿನವರು ಮೊದಲು ಹಿಡಿಯುವುದೇ ಅದನ್ನು.

ಇಳಿಜಾರಿಗೆ ದೊಡ್ಡ ಉಪಕರಣ ಬೇಡ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ 20 ಮೀಟರ್. ಎರಡು ರೇಖೆಗಳ ನಡುವೆ 2 ಮಿಲಿಮೀಟರ್ ಇದ್ದರೆ ನೆಲದಲ್ಲಿ 100 ಮೀಟರ್, ಅಂದರೆ ಶೇ 20ರ ಇಳಿಜಾರು, ಸುಮಾರು 11 ಡಿಗ್ರಿ. ಅಂಥ ಕಡೆ ಸಮತಟ್ಟು ಮಾಡಲು ಎಷ್ಟು ಮಣ್ಣು ಅಗೆಯಬೇಕು, ಅದನ್ನು ಎಲ್ಲಿ ಸುರಿಯುತ್ತಾರೆ ಎಂದು ಕೇಳಿ. ಉತ್ತರ ಬಹುತೇಕ ಇರುವುದಿಲ್ಲ.

ಹೆಚ್ಚು ಹೊತ್ತು ಬೇಡುವುದು ಎಲ್ಲೆಲ್ಲಿಂದ ಕಾಣುತ್ತದೆ ಎಂಬ ನಕ್ಷೆ. ಇಸ್ರೋದ ಭುವನ್ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಕಾರ್ಟೋಸ್ಯಾಟ್ ಉಪಗ್ರಹದ ಎತ್ತರದ ದತ್ತಾಂಶ, ಜೊತೆಗೆ ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶ ಸಾಕು. ದತ್ತಾಂಶ ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿರುತ್ತದೆ, ಮೊದಲು ಮೀಟರಿಗೆ ಬದಲಿಸಬೇಕು. ನಂದಿಯ ಕಡೆಗೆ ಯುಟಿಎಂ (ಮೀಟರ್ ಲೆಕ್ಕದ ನಕ್ಷಾ ಪದ್ಧತಿ) 43 ಉತ್ತರ ವಲಯ; 78 ಡಿಗ್ರಿ ರೇಖಾಂಶ ದಾಟಿದ ಕೋಲಾರಕ್ಕೆ 44. ಆಮೇಲೆ ವ್ಯೂಶೆಡ್, ಅಂದರೆ ಒಂದು ಬಿಂದುವಿನಿಂದ ಕಾಣುವ ನೆಲದ ಲೆಕ್ಕ. ಕಟ್ಟಡ ಬರುವ ಜಾಗವನ್ನೇ ನೋಡುಗರ ಬಿಂದುವಾಗಿಟ್ಟು, ನೋಡುಗರ ಎತ್ತರದ ಖಾನೆಯಲ್ಲಿ ಕಟ್ಟಡದ ಎತ್ತರ ಹಾಕುತ್ತೇನೆ (ನೀರಿನ ಟ್ಯಾಂಕ್ ಸೇರಿಸಿ 12 ಮೀಟರ್ ಎನ್ನೋಣ). ಗುರಿಯ ಎತ್ತರ 1.6 ಮೀಟರ್, ಅಂದರೆ ನಿಂತ ಮನುಷ್ಯನ ಕಣ್ಣು. ಒಂದೇ ಸಲಕ್ಕೆ ಆ ಕಟ್ಟಡ ಯಾವ ಯಾವ ಊರು, ರಸ್ತೆ, ದೇವಸ್ಥಾನಗಳಿಂದ ಕಾಣುತ್ತದೆ ಎಂಬುದು ಸಿಗುತ್ತದೆ. ಗರಿಷ್ಠ ದೂರ ತಾನಾಗಿಯೇ 100 ಮೀಟರಿಗೆ ನಿಂತಿರುತ್ತದೆ. ಅದನ್ನು 10,000ಕ್ಕೆ ಏರಿಸದಿದ್ದರೆ ನಕ್ಷೆಯಲ್ಲಿ ಒಂದು ಚುಕ್ಕೆಯಷ್ಟೇ ಮೂಡುತ್ತದೆ. ಸುಮಾರು 30 ಮೀಟರಿನ ಚೌಕಗಳ ಲೆಕ್ಕವಾದ್ದರಿಂದ ಮರ, ಮನೆಗಳ ಮರೆ ಸರಿಯಾಗಿ ಬರುವುದಿಲ್ಲ. ಹಾಗೆಂದು ಅರ್ಜಿಯಲ್ಲೇ ಬರೆದು, ಮುಖ್ಯ ಬಿಂದುಗಳಿಗೆ ಹೋಗಿ ಫೋಟೋ ತೆಗೆಯಬೇಕು.

ಫೋಟೋ ವಿಷಯದಲ್ಲಿ ಮೊಬೈಲಿನ ಮಾಮೂಲಿ ಲೆನ್ಸ್ ನಮ್ಮ ವಿರುದ್ಧವೇ ಕೆಲಸ ಮಾಡುತ್ತದೆ. ಅದು ಅಗಲ ನೋಟದ್ದು, ಬೆಟ್ಟವನ್ನು ಕುಗ್ಗಿಸಿ ದೂರ ತಳ್ಳುತ್ತದೆ. ಎರಡು ಪಟ್ಟು ಜೂಮ್ ಇಟ್ಟರೆ ಸುಮಾರು 50 ಮಿಲಿಮೀಟರ್ ಲೆನ್ಸಿನ ನೋಟ ಬರುತ್ತದೆ. ಡ್ರೋನ್ ಚಿತ್ರ ಬೇಡ, ಜನ ಆಕಾಶದಲ್ಲಿ ನಿಂತು ನೋಡುವುದಿಲ್ಲ. ಪ್ರತಿ ಚಿತ್ರಕ್ಕೂ ಜಾಗ, ದಿಕ್ಕು, ಸಮಯ ಬರೆಯಿರಿ. 15 ದಿನದಲ್ಲಿ ಮಂಜು ಮುಸುಕಿದರೆ ಏನೂ ಸಿಗದು. ಆದ್ದರಿಂದ ಎಲೆ ಉದುರಿದ ಕಾಲದ, ತಿಳಿಯಾದ ದಿನದ ಚಿತ್ರಗಳು ಮೊದಲೇ ಕೈಯಲ್ಲಿರಬೇಕು.

ಎರಡನೆಯ ಷರತ್ತಿನಡಿ ಬರುವ ಮುಖ್ಯ ವಿಷಯ, ಯೋಜನೆಯನ್ನು ಚೂರು ಮಾಡುವುದು. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಕಟ್ಟಡ ಯೋಜನೆಗೆ ಪೂರ್ವಾನುಮತಿ ಬೇಕು. ಅದಕ್ಕೆ ಸಿಗದಂತೆ ಹಿಸ್ಸಾ ಹಿಸ್ಸಾ ಮಾಡಿ ಬೇರೆ ಬೇರೆ ಹೆಸರಿನಲ್ಲಿ ಅರ್ಜಿ ಹಾಕುವುದುಂಟು. ಮ್ಯುಟೇಷನ್ (ಹಕ್ಕು ಬದಲಾವಣೆ) ದಿನಾಂಕಗಳನ್ನು ಸಾಲಾಗಿ ಬರೆದು, ರಸ್ತೆ, ಬೋರ್‌ವೆಲ್ ಒಂದೇ ಎಂದು ತೋರಿಸಿ, ಒಟ್ಟಾಗಿ ಪರಿಗಣಿಸಲು ಕೇಳಿ. ಒಂದೇ ಒಕ್ಕಣೆಯ ನೂರು ಸಹಿಗಿಂತ ಈ ಒಂದು ಪಟ್ಟಿ ಹೆಚ್ಚು ತೂಗುತ್ತದೆ.

ಇಷ್ಟಾದರೂ 14-ಎ ಹಂತದ ಆಕ್ಷೇಪಣೆ ಬಾಗಿಲಲ್ಲಿ ನಿಂತು ತಡೆಯುವ ಕೆಲಸ ಅಷ್ಟೇ. ನಿಜವಾದ ಅವಕಾಶ ಮಹಾಯೋಜನೆಯ ಕರಡು ಹೊರಬಿದ್ದಾಗ, ಕಲಂ 13ರಡಿ ಸಿಗುವ 60 ದಿನ. ಕಲಂ 12 ಕೆಲವು ಪ್ರದೇಶಗಳನ್ನು ವಿಶೇಷ ನಿಯಂತ್ರಣದವೆಂದು ಘೋಷಿಸಿ, ಕಟ್ಟಡದ ಎತ್ತರ, ನಿವೇಶನಕ್ಕೆ ಹೋಲಿಸಿದ ಒಟ್ಟು ಮಹಡಿ ವಿಸ್ತೀರ್ಣದ ಅನುಪಾತ (ಎಫ್‌ಎಆರ್), ವಾಸ್ತುಶಿಲ್ಪದ ಲಕ್ಷಣಗಳಿಗೆ ಮಿತಿ ಹಾಕಲು ಬಿಡುತ್ತದೆ. ‘ತಪ್ಪಲನ್ನು ಉಳಿಸಿ’ ಎನ್ನದೆ ನಿಯಮದ ವಾಕ್ಯವನ್ನೇ ಬರೆದುಕೊಡಿ: ಇಂಥ ಸಮೋನ್ನತ ರೇಖೆಯ ಮೇಲೆ ಕಟ್ಟಡವಿಲ್ಲ, ಅದರ ಕೆಳಗೆ 7 ಮೀಟರ್ ಮೀರಬಾರದು, ಬೆಟ್ಟದ ಅಂಚಿನ ಗೆರೆಯನ್ನು ಯಾವ ಟ್ಯಾಂಕೂ ಕತ್ತರಿಸಬಾರದು, ದೀಪಗಳು ಕೆಳಮುಖವಾಗಿರಬೇಕು. ಪೂರ್ವನಿದರ್ಶನ ಕೇಳಿದರೆ 2001ರ ಮಹಾಬಲೇಶ್ವರ-ಪಂಚಗಣಿ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ತೋರಿಸಿ. ಜಲಪಾತ, ಗವಿ, ಕಮರಿಗಳ ಜೊತೆ ನೋಟದ ಜಾಗ, ಕಾಲುದಾರಿಗಳನ್ನೂ ನೈಸರ್ಗಿಕ ಪರಂಪರೆಯೆಂದು ಗುರುತಿಸಲು ಅದು ಹೇಳುತ್ತದೆ.

ಆಕ್ಷೇಪಣೆ ಕೊಟ್ಟ ಮೇಲೆ ಸುಮ್ಮನೆ ಕಾಯಬೇಡಿ. ಪ್ರಾಧಿಕಾರದ ಸಭೆಯ ನಡಾವಳಿ ಮತ್ತು ಕಡತದ ಟಿಪ್ಪಣಿ ಹಾಳೆಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು, ಇಲ್ಲದಿದ್ದರೆ ಅಷ್ಟಕ್ಕೇ ಹಿಂದೆ ಬರುತ್ತದೆ. ಟಿಪ್ಪಣಿಯಲ್ಲಿ ನಿಮ್ಮ ಆಕ್ಷೇಪಣೆಗೆ ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದವಿದ್ದು ಕಾರಣ ಬರೆದಿಲ್ಲದಿದ್ದರೆ, ಹೈಕೋರ್ಟಿನ ರಿಟ್ ಅರ್ಜಿಗೆ ವಕೀಲರು ಮೊದಲು ಕೇಳುವ ಹಾಳೆ ಅದೇ.