ದೊಡ್ಡ ಅರೆಜಲಚರ ಹಲ್ಲಿಗಳಿಗೆ ಗಿಡಗಳೂ ಕೊಳವೂ ಉಳ್ಳ ಆವರಣ

ದಕ್ಷಿಣ ಅಮೆರಿಕದ ಕೇಮನ್ ಹಲ್ಲಿ ಸುಮಾರು 1.2 ಮೀಟರ್‌ವರೆಗೆ ಬೆಳೆಯುತ್ತದೆ; ಏಷ್ಯಾದ ನೀರಿನ ಉಡವಂತೂ 2 ಮೀಟರನ್ನೂ ಮೀರಬಲ್ಲದು. ಆದ್ದರಿಂದ ಇಂಥವನ್ನು ಸಾಕುವವರು ಕೈಯಲ್ಲಿರುವ ಮರಿಯನ್ನಲ್ಲ, ಪೂರ್ಣ ಬೆಳೆದ ಪ್ರಾಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅದು ಮುಳುಗಿ ಈಜಿ ಸಲೀಸಾಗಿ ತಿರುಗುವಷ್ಟು ವಿಶಾಲವಾದ ಕೊಳವನ್ನು ಯೋಜಿಸಬೇಕು.

ಈ ಪ್ರಾಣಿಗಳು ಹೆಚ್ಚಾಗಿ ನೀರಿನಲ್ಲೇ ಮಲ ವಿಸರ್ಜಿಸುವುದರಿಂದ ಮೀನಿನ ತೊಟ್ಟಿಯ ಸಾಮಾನ್ಯ ಫಿಲ್ಟರ್ ಸಾಲದು. ತಳವನ್ನು ಒಂದು ಬದಿಗೆ ಇಳಿಜಾರಾಗಿಸಿ, ಅತ್ಯಂತ ತಗ್ಗಿನಲ್ಲಿ ಅಗಲವಾದ ಡ್ರೈನ್ ಕೂರಿಸಿದರೆ ಕಸವು ಅಲ್ಲಿಗೇ ಸೇರಿ, ನೀರು ಬದಲಿಸುವ ಕೆಲಸ ಹಗುರಾಗುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಈ ಕಸದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಆ ನೈಟ್ರೇಟ್‌ನಲ್ಲಿ ಒಂದು ಪಾಲನ್ನು ಗಿಡಗಳು ಹೀರಿಕೊಳ್ಳುತ್ತವೆ.

ಕೊಳದ ತಳದಲ್ಲಿ ನಾಜೂಕಾದ ಜಲಸಸ್ಯಗಳನ್ನು ನೆಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ, ಏಕೆಂದರೆ ಉಗುರಿನ ಒಂದೇ ಗೀರಿಗೆ ಅವು ಬೇರುಸಹಿತ ತೇಲುತ್ತವೆ. ಬದಲಾಗಿ ಮನಿಪ್ಲಾಂಟ್, ಮಾನ್‌ಸ್ಟೆರಾಗಳಂಥ ಗಿಡಗಳನ್ನು ಪ್ರಾಣಿಗೆ ಎಟುಕದ ಎತ್ತರದ ಕುಂಡಗಳಲ್ಲಿಟ್ಟು, ಬೇರುಗಳನ್ನು ಮಾತ್ರ ಗಟ್ಟಿ ಜಾಲರಿಯ ಹಿಂದೆ ನೀರಿಗಿಳಿಸಬೇಕು. ಗಿಡ ತಿನ್ನುವ ಸೇಲ್‌ಫಿನ್ ಹಲ್ಲಿಯಿದ್ದರೆ ಈ ಎಚ್ಚರ ಇನ್ನೂ ಮುಖ್ಯ, ಏಕೆಂದರೆ ಈ ಎರಡೂ ಗಿಡಗಳ ಎಲೆಗಳು ಬಾಯಿಯನ್ನು ಕೆರಳಿಸುತ್ತವೆ.

ಪ್ರಾಣಿ ಮೈ ಕಾಯಿಸಿಕೊಳ್ಳಲು ನೀರಿನ ಮೇಲೆ ಚಾಚಿದ ದಪ್ಪ ಕೊರಡೊಂದನ್ನು ಬಿಗಿದು, ಅದರ ಮೇಲೆ ತಂತಿಬಲೆಯ ರಕ್ಷಣೆಯಿರುವ ಶಾಖದೀಪವನ್ನೂ ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಬೀರುವ ಯುವಿಬಿ ದೀಪವನ್ನೂ ಅಳವಡಿಸಬೇಕು. ವಿದ್ಯುತ್ ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಸಾಧನವಿಲ್ಲದೆ ಯಾವುದನ್ನೂ ಚಾಲೂ ಮಾಡಬಾರದು.