ಮಳೆ ತಡವಾದಾಗ ದೇವರ ಮೇಲೆ ಭಾರ ಹಾಕುವ ಬಗೆ

ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿ ಖುಷ್ಕಿ ಬೇಸಾಯ ಮಾಡುವವರಿಗೆ ದೇವರ ಸಮಯಕ್ಕೆ ಕಾಯುವುದೆಂದರೆ ಮಳೆಗೆ ಕಾಯುವುದೇ. ಅದನ್ನು ಕೈಕಟ್ಟಿ ಕೂರುವುದು ಅಂದುಕೊಂಡವರೇ ಜಾಸ್ತಿ. ನಾನು ಪಾಲಿಸುವ ರೀತಿ ಬೇರೆ. ಬೀಜ, ಗೊಬ್ಬರ, ಬಿತ್ತುವ ಕೂರಿಗೆ ಎಲ್ಲವೂ ರೋಹಿಣಿ ಮಳೆಗೆ ಮುಂಚೆಯೇ ಸಿದ್ಧವಿರಬೇಕು, ಬಿತ್ತುವ ದಿನ ಮಾತ್ರ ದೇವರದು.

ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಿತ್ತನೆಯ ವಿಚಾರವನ್ನು ಆ ದಿನಕ್ಕೇ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಗುಡಿ, ಆಮೇಲೆ ಹೊಲ, ಮಧ್ಯಾಹ್ನ ಲೆಕ್ಕದ ಪುಸ್ತಕ. ಅವತ್ತು ಗಟ್ಟಿಯಾಗುವುದು ಷರತ್ತು: ಇಷ್ಟು ಮಳೆಯಾದರೆ ಇಂಥ ಬೆಳೆ. ಬುಧವಾರ ರಾತ್ರಿ ಮಳೆ ಹೊಡೆದು ಹದ ಬಂದರೆ ಮತ್ತೆ ಯಾರನ್ನೂ ಕೇಳದೆ ಕೂರಿಗೆ ಹೂಡುವುದು. ಹದ ಬಾರದಿದ್ದರೆ ಮುಂದಿನ ಸೋಮವಾರದವರೆಗೆ ಆ ಮಾತೇ ಎತ್ತುವುದಿಲ್ಲ. ಚಿಂತೆ ಮಾಡುವುದಕ್ಕೂ ಒಂದು ದಿನ ಗೊತ್ತು ಮಾಡಿದರೆ ಉಳಿದ ದಿನ ನಿದ್ದೆ ಬರುತ್ತದೆ.

ಮೊದಲ ಮಳೆಯನ್ನೇ ದೇವರ ಅಪ್ಪಣೆ ಅಂತ ತಿಳಿದು ಬಿತ್ತಿದವರು ಕೆಡುವುದು ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ. ಮೇಲಿನ ನಾಲ್ಕು ಬೆರಳು ಮಣ್ಣು ತೊಯ್ದಿರುತ್ತದೆ, ಕೆಳಗೆ ಬೇಸಿಗೆಯ ಬಿಸಿ ಹಾಗೇ ಇರುತ್ತದೆ. ಬೀಜ ಮೊಳೆಯುತ್ತದೆ, ಬೇರು ಇಳಿಯಲು ಹಸಿ ಸಿಗದೆ ಸಾಯುತ್ತದೆ. ಎರಡು ಮೂರು ಮಳೆ ಸೇರಿ 60ರಿಂದ 75 ಮಿಲಿಮೀಟರ್ ಆಗುವತನಕ ತಡೆಯಬೇಕು. ಗುದ್ದಲಿಯಿಂದ ಒಂದು ಗೇಣು ತೋಡಿ, ತಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದಾಗ ಒಡೆದರೆ ಹದ. ಪುಡಿಪುಡಿಯಾಗಿ ಉದುರಿದರೆ ಹಸಿ ಸಾಲದು. ಅಂಗೈಗೆ ಮೆತ್ತಿಕೊಂಡರೆ ಎರಡು ಮೂರು ದಿನ ಆರಲಿ, ಇಲ್ಲದಿದ್ದರೆ ಕೂರಿಗೆಯಲ್ಲಿ ಬೀಜ ಇಳಿಯುವ ತಾಳಿಗೆ ಮಣ್ಣು ಕಟ್ಟಿ ಬೀಜ ಒಂದು ಕಡೆ ಗುಂಪು, ಇನ್ನೊಂದು ಕಡೆ ಬಯಲು.

ಬೀಜೋಪಚಾರವನ್ನು ಮಾತ್ರ ಮುಂಚೆ ಮಾಡಿಡಬಾರದು. ತೊಗರಿಗೆ ಸೊರಗು ರೋಗ ಬರದಂತೆ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚುತ್ತೇವೆ. ಅದು ಜೀವಂತ ಶಿಲೀಂಧ್ರ, ಮಳೆ ಕೈಕೊಟ್ಟು ಬೀಜ ಚೀಲದಲ್ಲೇ ಉಳಿದರೆ ಸಾಯುತ್ತದೆ. ಹದ ಬಂದ ಮೇಲೆ ಹಚ್ಚಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ಎಕರೆಗೆ ತೊಗರಿ 5 ಕೆಜಿ ಲೆಕ್ಕದಲ್ಲಿ ಮರುಬಿತ್ತನೆಗೂ ಒಂದಿಷ್ಟು ಎತ್ತಿಡಿ. ಎತ್ತಿಟ್ಟರೆ ನಂಬಿಕೆ ಕಡಿಮೆ ಅಂತಲ್ಲ.

ಹೂಪ್ರಸಾದ, ಅಂದರೆ ದೇವರ ಮೇಲಿನ ಹೂ ಯಾವ ಕಡೆ ಬೀಳುತ್ತದೆ ಅಂತ ನೋಡಿ ಅಪ್ಪಣೆ ಕೇಳುವುದರ ಬಗ್ಗೆ ಒಂದು ಮಾತು. ಬಲಕ್ಕೆ ಹೂ ಬೀಳುವವರೆಗೂ ಮತ್ತೆ ಮತ್ತೆ ಕೇಳುವುದು ಕೇಳುವುದಲ್ಲ, ಒತ್ತಾಯ. ನಾನು ಒಂದೇ ಸಲ ಕೇಳುವುದು, ಅದೂ ಎರಡೂ ದಾರಿ ಸರಿಯಿದ್ದಾಗ: ಪಕ್ಕದ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯಲೋ ಬೇಡವೋ ಅಂತ. ಹಸಿ ಇದೆಯೋ ಇಲ್ಲವೋ ಅನ್ನುವುದಕ್ಕೆ ಗುದ್ದಲಿ ಇದೆ, ಕಾಯಿಲೆಗೆ ಡಾಕ್ಟರ್ ಇದ್ದಾರೆ.

ದೇವರು ತಡ ಮಾಡಿದನೋ ಇಲ್ಲ ಅಂದನೋ ಗೊತ್ತಾಗುವುದು ಹೇಗೆ? ಪ್ರತಿ ಬೆಳೆಗೂ ಕೊನೆಯ ದಿನ ಬರೆದಿಡಬೇಕು. ಹೆಸರುಕಾಳಿಗೆ ಆರಿದ್ರಾ ಮಳೆ ಮುಗಿಯುವತನಕ, ಅಂದರೆ ಜುಲೈ ಮೊದಲ ವಾರ. ತೊಗರಿಗೆ ಜುಲೈ ಕೊನೆ. ಅದು ದಾಟಿದರೆ ಗಿಡ ಬೆಳೆಯುವುದು ಕಡಿಮೆ, ಹೂ ಕಾಯಿ ಹಿಡಿಯುವ ಹೊತ್ತಿಗೆ ನೆಲದಲ್ಲಿ ಹಸಿ ಇರುವುದಿಲ್ಲ. ಆಮೇಲೆ ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಹುರುಳಿ. ಎರಿಯನ್ನು ಹಿಂಗಾರಿಗೆ ಬಿಡಿ, ಆದರೆ ಬೀಳು ಬಿಡಬೇಡಿ. ಮಳೆ ಬಿದ್ದಾಗಲೆಲ್ಲ ಕುಂಟಿ ಹೊಡೆದರೆ ಕಸ ಸಾಯುತ್ತದೆ, ಹಸಿ ಉಳಿಯುತ್ತದೆ. ಸೆಪ್ಟೆಂಬರ್ ಮಧ್ಯದಿಂದ ಬಿಳಿಜೋಳ, ಅಕ್ಟೋಬರ್‌ನಲ್ಲಿ ಕಡಲೆ. ತೊಗರಿಯ ದಿನ ಮುಗಿದ ಮೇಲೂ ಅದಕ್ಕೇ ಹಟ ಹಿಡಿಯುವುದನ್ನು ನಾನು ಭಕ್ತಿ ಅನ್ನುವುದಿಲ್ಲ.

ಸಿಂಧನೂರು, ಮಾನ್ವಿಯ ಕಾಲುವೆ ರೈತರೂ ಇದರಿಂದ ಹೊರತಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ರೈತರು ದೇವರಿಗೆ ಮೊರೆಯಿಟ್ಟರು, ಎಂಜಿನಿಯರುಗಳು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿದರು. ಅಲ್ಲಿ ಯಾವುದು ದೇವರ ಕೆಲಸ, ಯಾವುದು ಮನುಷ್ಯರದು ಅಂತ ಗೆರೆ ಎಳೆಯಲು ನನಗೆ ಬರುವುದಿಲ್ಲ. ನೀರು ಬಿಡುವ ದಿನ ಗ್ಯಾರಂಟಿ ಇಲ್ಲದ ವರ್ಷ ಭತ್ತದ ಸಸಿಮಡಿಯನ್ನು 15 ದಿನದ ಅಂತರದಲ್ಲಿ ಎರಡು ಸಲ ಹಾಕುವುದು ಒಳ್ಳೆಯದು. ಸಸಿ ಬಲಿತರೆ ಬುಡದಿಂದ ತೆಂಡೆ ಒಡೆಯುವುದು ಕಡಿಮೆ. ಬಲಿತದ್ದನ್ನೇ ನಾಟಿ ಮಾಡಬೇಕಾಗಿ ಬಂದರೆ ಗುಣಿಗೆ ಎರಡು ಮೂರರ ಬದಲು ನಾಲ್ಕೈದು ಸಸಿ ಹಚ್ಚಿ, ಸಾಲು ಹತ್ತಿರ ಮಾಡಿ.

ಬೆಳೆ ವಿಮೆ ಬಿಡಬೇಡಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ ತಿಳಿಸಬೇಕು.

ಹರಕೆಯನ್ನು ಸಾಲ ತಂದು ತೀರಿಸಬೇಡಿ. ಹುಲಿಗೆಮ್ಮ ದೇವಿಗೆ ನೆಲಕ್ಕೆ ಮೈಚಾಚಿ ದೀಡ ನಮಸ್ಕಾರ ಹಾಕಲು ದುಡ್ಡು ಬೇಕಿಲ್ಲ. ಸಾಲದ ಮೊತ್ತ, ಬಡ್ಡಿ, ಕೊಡಬೇಕಾದ ತಿಂಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮನೆಯಾಕೆಗೆ ತೋರಿಸಿ. ಪ್ರಾರ್ಥನೆಗೆ ಕೂತಾಗಲೂ ಜೀವ ಬೇಡ ಅನ್ನಿಸುತ್ತಿದ್ದರೆ ಸೋಮವಾರದ ತನಕ ಕಾಯಬೇಡಿ. ಅವತ್ತೇ ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.