ಇ-ಸೈನ್ ಆದ ಕರಾರುಪತ್ರ ಪರಿಶೀಲಿಸುವಾಗ ಹಸಿರು ಟಿಕ್ ಒಂದನ್ನೇ ನಂಬಬೇಡಿ

ನೀವಲ್ಲದೆ ಬೇರೆಯವರು ಇ-ಸೈನ್ (ಡಿಜಿಟಲ್ ಸಹಿ) ಮಾಡಿದ ಬಾಡಿಗೆ ಕರಾರನ್ನೋ ಸಾಲಪತ್ರವನ್ನೋ ಪರಿಶೀಲಿಸಬೇಕಿದ್ದರೆ ಮೂಲ ಪಿಡಿಎಫ್ ಕಡತವನ್ನೇ ಕೇಳಿ. ಪ್ರಿಂಟ್, ಸ್ಕ್ಯಾನ್, ಫೋಟೊ ಯಾವುದೂ ಬೇಡ. ಅವುಗಳಲ್ಲಿ ಸಹಿಯ ಚಿತ್ರ ಇರುತ್ತದೆ, ಸಹಿ ಇರುವುದಿಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಹೆಚ್ಚಿನವು ಸಹಿಯನ್ನು ತಪಾಸಣೆ ಮಾಡುವುದೇ ಇಲ್ಲ. ಕಂಪ್ಯೂಟರಿನಲ್ಲಿ ಅಕ್ರೊಬ್ಯಾಟ್ ರೀಡರ್ ಬಳಸಿ, ಸಹಿ ಸರಿಯೆಂದು ಕಂಡರೆ ಅದು ಹಸಿರು ಟಿಕ್ ತೋರಿಸುತ್ತದೆ.

ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಸಹಿ ನಕಲಿ ಎಂದಲ್ಲ, ನಿಮ್ಮ ಕಂಪ್ಯೂಟರಿಗೆ ಅದರ ಮೂಲ ಗೊತ್ತಿಲ್ಲ ಎಂದಷ್ಟೇ. ಸಹಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸರ್ಟಿಫಿಕೇಟ್ ಸರಪಳಿ (ಸಹಿದಾರರ ಸರ್ಟಿಫಿಕೇಟನ್ನು ಯಾರು ಕೊಟ್ಟರು, ಅವರಿಗೆ ಯಾರು ಕೊಟ್ಟರು ಎಂಬ ಪಟ್ಟಿ) ತೆರೆಯಿರಿ. ಎಲ್ಲಕ್ಕಿಂತ ಮೇಲೆ 'ಸಿಸಿಎ ಇಂಡಿಯಾ' (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ಸರ್ಕಾರಿ ನಿಯಂತ್ರಕರು) ಇರಬೇಕು. ಅದರ ಥಂಬ್‌ಪ್ರಿಂಟನ್ನು (ಸರ್ಟಿಫಿಕೇಟನ್ನು ಗುರುತಿಸುವ ಅಂಕಿ-ಅಕ್ಷರಗಳ ಸಾಲು) ಸಿಸಿಎ ವೆಬ್‌ಸೈಟಿನ ರೂಟ್ (ಮೂಲ) ಸರ್ಟಿಫಿಕೇಟ್ ಜೊತೆ ಹೋಲಿಸಿ, ಆಮೇಲಷ್ಟೇ ಟ್ರಸ್ಟ್‌ಗೆ, ಅಂದರೆ ರೀಡರ್ ನಂಬುವ ಪಟ್ಟಿಗೆ, ಸೇರಿಸಿ. ಹಲವರು ತಪ್ಪುವುದು ಇಲ್ಲೇ: ಸಹಿ ಮಾಡಿದವರ ಸರ್ಟಿಫಿಕೇಟನ್ನೇ ಟ್ರಸ್ಟ್ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ಮನೆಯಲ್ಲೇ ತಯಾರಿಸಿದ ಸರ್ಟಿಫಿಕೇಟಿಗೂ ಹಸಿರು ಟಿಕ್ ಬರುತ್ತದೆ!

ಆಧಾರ್ ಇ-ಸೈನ್ ಸರ್ಟಿಫಿಕೇಟಿನ ಆಯಸ್ಸು 30 ನಿಮಿಷ ಮಾತ್ರ. ಇಂದು ಅದು 'ಅವಧಿ ಮುಗಿದಿದೆ' ಎಂದರೆ ಗಾಬರಿ ಬೇಡ. ಸಹಿ ಬಿದ್ದ ಹೊತ್ತಿಗೆ ಜೀವಂತವಿತ್ತೇ ನೋಡಿ. ಟೈಮ್‌ಸ್ಟ್ಯಾಂಪ್ (ಬೇರೊಂದು ಸಂಸ್ಥೆ ಒತ್ತುವ ಸಮಯದ ಮುದ್ರೆ) ಇಲ್ಲದಿದ್ದರೆ ತೋರಿಸುವ ಸಮಯ ಸಹಿ ಮಾಡಿದ ಕಂಪ್ಯೂಟರಿನ ಗಡಿಯಾರದ್ದು, ಅದಕ್ಕೆ ಅಷ್ಟೇ ಬೆಲೆ.

ಸಹಿಯ ನಂತರ ಬದಲಾವಣೆ ಆಗಿದೆ ಎಂದಿದ್ದರೆ 'ವ್ಯೂ ಸೈನ್ಡ್ ವರ್ಷನ್' ತೆರೆದು ಮೊತ್ತ, ದಿನಾಂಕ ಹೋಲಿಸಿ. ಎರಡನೆಯವರ ಸಹಿಯೂ ಬದಲಾವಣೆ ಎಂದೇ ದಾಖಲಾಗಬಹುದು. ಉಯಿಲು ಆದರೆ ಇಷ್ಟೆಲ್ಲ ಬೇಡ, 2000ದ ಐಟಿ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ, ಹಾಗಾಗಿ ಅದರ ಮೇಲೆ ಇ-ಸೈನ್ ನಡೆಯುವುದಿಲ್ಲ.